ಖಾಲಿ ತೋಟೆ ಅಂದ್ರೆ ಬರೀ ಗುಜರಿ ಅಲ್ಲ ಮಾರಾಯ್ರೆ

ಹೋದ ವರ್ಷ ಆಟಿ ತಿಂಗಳಲ್ಲಿ, ಹೊರಗೆ ಮಳೆ ಹೊಯ್ತಾ ಇರುವಾಗ ನಮ್ಮ ಅಕ್ಕನ ಮಗ ಟೆಕ್ಸಾಸ್‌ನಿಂದ ವಿಡಿಯೋ ಕಾಲ್ ಮಾಡಿದ. ಅವನಿಗೆ ಅಲ್ಲಿ ಹೋಗಿ ರೈಫಲ್ ಹುಚ್ಚು ಹಿಡಿದದ್ದು ನಮಗೆಲ್ಲ ಗೊತ್ತುಂಟು. ಗ್ಯಾರೇಜಲ್ಲಿ ಒಂದು ಮೇಜು, ಮೇಜಿಗೆ ಬಿಗಿದ ಕೈಪ್ರೆಸ್, ಕೆಳಗೆ ಪೈಂಟಿನ ಬಕೆಟ್ ತುಂಬ ಹೊಡೆದು ಖಾಲಿಯಾದ ತೋಟೆಗಳ (ಕಾರ್ಟ್ರಿಜ್) ಹಳದಿ ಹಿತ್ತಾಳೆ. "ಮಾವ ನೋಡಿ, ಇದೆಲ್ಲ ಆರ್ಮಿದು, ಒಮ್ಮೆ ಹೊಡ್ದು ಬಿಸಾಡಿದ್ದು, ತೂಕದ ಲೆಕ್ಕದಲ್ಲಿ ಸಿಗ್ತದೆ" ಅಂತ ಒಂದು ಮುಷ್ಟಿ ಎತ್ತಿ ತೋರಿಸಿದ. ಆಮೇಲೆ ಅಸಲು ಮಾತಿಗೆ ಬಂದ: "ನಿಮ್ಮ ಕೋವಿಗೂ ಹೀಗೇ ಖಾಲಿ ತೋಟೆ ತುಂಬಿಸ್ಬಹುದಲ್ಲ, ಪ್ರತಿ ಸಲ ಅಂಗಡಿಗೆ ಓಡುದು ಎಂತಕ್ಕೆ? ಡಿಸೆಂಬರಲ್ಲಿ ಬರುವಾಗ ಒಂದು ಚೀಲ ತರ್ಲಾ?" ಚಾಕ್ಲೇಟ್ ಸಾಕು ಮಾರಾಯ ಅಂದೆ. ಅವ ನಗಾಡಿದ. ನನಗೆ ನಗು ಬರ್ಲಿಲ್ಲ, ಯಾಕಂದ್ರೆ ಅದೇ ಪ್ರಶ್ನೆಯನ್ನ ಅದಕ್ಕೂ ಒಂದು ವಾರ ಮೊದಲು ಕಾರ್ಕಳದಲ್ಲಿ ಅಡಿಕೆ ಕೊಡ್ಲಿಕ್ಕೆ ಹೋದಾಗ ಒಬ್ಬ ಹುಡುಗ ಕೇಳಿದ್ದ, ಅವ ಕೂಡ ಯೂಟ್ಯೂಬ್ ನೋಡಿಯೇ.

ಇಬ್ಬರಿಗೂ ಅನಿಸಿದ್ದು ಒಂದೇ, ಖಾಲಿ ತೋಟೆ ಅಂದ್ರೆ ತಿಂದು ಬಿಸಾಡಿದ ಬಾಳೆಹಣ್ಣಿನ ಸಿಪ್ಪೆ ಇದ್ದ ಹಾಗೆ, ಅದನ್ನ ಯಾರು ಎಂತ ಬೇಕಾದ್ರೂ ಮಾಡ್ಬಹುದು ಅಂತ. ಅಮೆರಿಕದಲ್ಲಿ ಹೆಚ್ಚುಕಡಿಮೆ ಹಾಗೇ. ನಮ್ಮಲ್ಲಿ ಅದೇ ಹಿತ್ತಾಳೆ ತುಂಡು ಶೋಕೇಸಲ್ಲಿದ್ರೆ ಒಂದು, ಮೇಜಿನ ಮೇಲೆ ಮಸಿ (ಕೋವಿಯ ಕಪ್ಪು ಮದ್ದು), ಕೇಪಿನ ಪಕ್ಕ ಇದ್ರೆ ಇನ್ನೊಂದು. ಅದು ಯಾಕೆ ಹಾಗೆ ಅಂತ ಹೇಳ್ಬೇಕಾದ್ರೆ ಮೊದಲು ಹಿತ್ತಾಳೆಯಿಂದ್ಲೇ ಶುರು ಮಾಡ್ಬೇಕು.

ಒಂದು ತೋಟೆಯಲ್ಲಿ ಇರುದು ನಾಲ್ಕೇ ಸಾಮಾನು: ಹೊರಗಿನ ಕೋಶ, ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಕೋವಿಯ ಕುದುರೆ (ಟ್ರಿಗರ್) ಎಳೆದ ಮೇಲೆ ಕೇಪು ಸಿಡಿದು ಹೋಯ್ತು, ಮದ್ದು ಉರಿದು ಹೋಯ್ತು, ಗುಂಡು ಅದರ ದಾರಿ ಹಿಡೀತು, ಕೈಗೆ ಉಳಿಯುದು ಕೋಶ ಒಂದೇ, ಮತ್ತೆ ಅದೇ ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿ. ಹಾಗಾಗಿ ಅದನ್ನ ಹೆಕ್ಕಿ ಮತ್ತೆ ಮತ್ತೆ ತುಂಬಿಸಿದ್ರೆ ಉಳಿತಾಯ ಅನ್ನುದು ಅಲ್ಲಿಯವರ ಲೆಕ್ಕ, ಲೆಕ್ಕ ತಪ್ಪೇನಲ್ಲ. ಕೋಶಕ್ಕೆ ಹಿತ್ತಾಳೆಯೇ ಯಾಕೆ ಬೇಕು ಅಂದ್ರೆ, ನೂರರಲ್ಲಿ ಎಪ್ಪತ್ತು ತಾಮ್ರ ಮೂವತ್ತು ಸತು ಹಾಕಿ ಮಾಡುವ ಈ ಹಿತ್ತಾಳೆಗೆ ಒಂದು ವಿಶೇಷ ಗುಣ ಉಂಟು, ಮದ್ದು ಉರಿದಾಗ ಉಬ್ಬಿ ನಳಿಗೆಯ ಗೋಡೆಗೆ ಗಟ್ಟಿ ಅಂಟಿ ಕೂತು ಬೆಂಕಿ ಹಿಂದೆ ಬರದ ಹಾಗೆ ತಡೀತದೆ, ಒತ್ತಡ ಇಳಿದ ಕೂಡ್ಲೇ ಒಂಚೂರು ಕುಗ್ಗಿ ಸಲೀಸಾಗಿ ಹೊರಗೆ ಬರ್ತದೆ. ಉಬ್ಬುದೂ ಬೇಕು, ಕುಗ್ಗುದೂ ಬೇಕು, ಒಡೆಯುದು ಬೇಡ. ಎಷ್ಟು ಒತ್ತಡ ಅಂತ ಅಂದಾಜು ಬೇಕಾದ್ರೆ, ನಮ್ಮ ಕಾರಿನ ಟಯರಿಗೆ ಪೆಟ್ರೋಲ್ ಬಂಕಲ್ಲಿ 32 ಹಾಕಿ ಅಂತೇವಲ್ಲ, ಹನ್ನೆರಡು ಬೋರಿನ (ಬೋರ್ ಅಂದ್ರೆ ನಳಿಗೆಯ ಅಳತೆ) ತೋಟೆಯಲ್ಲಿ ಅದೇ ಲೆಕ್ಕದಲ್ಲಿ ಗರಿಷ್ಠ 11,500, ನಮ್ಮ ಅಳಿಯನ .308 ರೈಫಲಲ್ಲಿ 62,000. ಟಯರಿನ ಎರಡು ಸಾವಿರ ಪಟ್ಟಿನ ಹತ್ರ ಹತ್ರ, ಅದೂ ಹೊಡೆಯುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಹಾಗಾಗಿ ಇದು ಮಿಕ್ಸಿಯ ಜಾರ್ ತೊಳೆದು ಮತ್ತೆ ಬಳಸಿದ ಹಾಗಲ್ಲ.

ಇನ್ನು ಆರ್ಮಿಯ ಹಿತ್ತಾಳೆ ಅಂದ್ರೆ ಅದರದ್ದೇ ಬೇರೆ ಜಾತಕ. ಮಿಲಿಟರಿಯವರು ತೋಟೆ ಮಾಡುದು ಮತ್ತೆ ತುಂಬಿಸ್ಲಿಕ್ಕೆ ಅಲ್ಲ, ಒಂದೇ ಸಲ, ಮಳೆಯಲ್ಲಿ ಕೆಸರಲ್ಲಿ ಮೆಷಿನ್‌ಗನ್‌ನ ಹೊಡೆತದಲ್ಲಿ ಕೈಕೊಡಬಾರದು ಅಂತ ಮಾಡುದು. ಕೇಪು ಸಡಿಲ ಆಗಿ ಹೊರಗೆ ಬಂದು ಮೆಷಿನ್‌ಗನ್ ಜಾಮ್ ಆಗ್ಬಾರದು ಅಂತ ಅದರ ಸುತ್ತ ಹಿತ್ತಾಳೆಯನ್ನೇ ಒತ್ತಿ ಮಡಚಿ ಬಿಟ್ಟಿರ್ತಾರೆ, ನೀರು ಹೋಗ್ಬಾರದು ಅಂತ ಅರಗು ಹಚ್ಚಿರ್ತಾರೆ. ಗೋಡೆ ಸ್ವಲ್ಪ ದಪ್ಪ, ಹೊರಗಿನ ಅಳತೆ ಅಂಗಡಿಯ ತೋಟೆದ್ದೇ ಆದ್ರೂ ಒಳಗಿನ ಜಾಗ ಕಡಿಮೆ. ಜಾಗ ಕಡಿಮೆ ಅಂದ್ರೆ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ, ಹೊಸಬರು ಎಡವುದು ಇಲ್ಲೇ ಅಂತ ಅಳಿಯನೇ ಹೇಳ್ತಾನೆ. ಮೆಷಿನ್‌ಗನ್ನಿನ ಒಳಗಿನ ಕೋಣೆ ಸಡಿಲ ಇರುದ್ರಿಂದ ಕೋಶ ಒಮ್ಮೆ ಹೊಡೆದಾಗ್ಲೇ ಉದ್ದಕ್ಕೆ ಎಳೆದು ಹೋಗಿರ್ತದೆ, ಬುಡದ ಸ್ವಲ್ಪ ಮೇಲೆ ಒಳಗಿಂದ ಕೂದಲೆಳೆಯ ಹಾಗೆ ತೆಳ್ಳಗಾದ ಒಂದು ಬಳೆ ಬಿದ್ದಿರ್ತದೆ, ಹೊರಗಿಂದ ನೋಡಿದ್ರೆ ಫಳಫಳ ಹೊಳೀತಾ ಉಂಟು, ಮುಂದಿನ ಸಲ ಅಥವಾ ಅದರ ಮುಂದಿನ ಸಲ ಅಲ್ಲೇ ಎರಡು ತುಂಡು. ಹಳೇ ಸ್ಟಾಕ್ ಆದ್ರೆ ಇನ್ನೂ ಗ್ರಹಚಾರ, ಹಿಂದೆ ಕೇಪಲ್ಲಿ ಪಾದರಸದ ಮದ್ದು ಇರ್ತಿತ್ತು, ಪಾದರಸ ಹಿತ್ತಾಳೆಯನ್ನ ಒಳಗಿಂದ್ಲೇ ತಿಂದು ಪುಡಿ ಆಗುವ ಹಾಗೆ ಮಾಡ್ತದೆ.

ಕೇಪಲ್ಲೂ ಎರಡು ಜಾತಿ. ಬರ್ಡನ್ ಮತ್ತು ಬಾಕ್ಸರ್. ಬಾಕ್ಸರ್ ಜಾತಿದು ಸುಲಭದಲ್ಲಿ ಬಿಚ್ಚಿ ಬರ್ತದೆ, ಬರ್ಡನ್‌ದು ಸತಾಯಿಸ್ತದೆ, ಹಾಗಾಗಿ ತುಂಬಿಸುವವರಿಗೆ ಬಾಕ್ಸರ್ ಬೇಕು. ತಮಾಷೆ ಎಂತ ಅಂದ್ರೆ ಬರ್ಡನ್ ಅಮೆರಿಕದವ, ಅವನ ಕೇಪು ಯುರೋಪಲ್ಲಿ ಓಡಿತು, ಬಾಕ್ಸರ್ ಇಂಗ್ಲೆಂಡಿನವ, ಅವನದ್ದು ಅಮೆರಿಕದಲ್ಲಿ. ಇಲ್ಲದಿದ್ರೆ ಅಳಿಯನ ಬಕೆಟ್ ತುಂಬ್ತಾನೇ ಇರ್ಲಿಲ್ಲ ಬಹುಶಃ.

ಈಗ ನಮ್ಮ ಊರಿಗೆ ಬರುವ. ಹಿತ್ತಾಳೆ ಕೋಶದ ಚರಿತ್ರೆಯಲ್ಲಿ ಒಂದು ಅಧ್ಯಾಯ ಇಡೀ ನಮ್ಮ ಮಳೆಗಾಲದ್ದು ಅಂದ್ರೆ ನಂಬ್ತೀರಾ? ಬ್ರಿಟಿಷರ ಕಾಲದಲ್ಲಿ ಇಂಡಿಯಾದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ಹೆಚ್ಚು ಓಡಾಡ್ತಿರ್ಲಿಲ್ಲ, ತೋಟೆಯನ್ನೆಲ್ಲ ಕುದುರೆ ಲಾಯದಲ್ಲಿ ರಾಶಿ ಹಾಕಿ ಇಡ್ತಿದ್ರು. ಮಳೆ ಬಿಟ್ಟ ಮೇಲೆ ತೆಗೆದು ನೋಡಿದ್ರೆ ಯಾರೂ ಮುಟ್ಟದ ತೋಟೆಗಳು ತಮ್ಮಷ್ಟಕ್ಕೇ ಬಿರುಕು ಬಿಟ್ಟಿವೆ, ಅದೂ ಹೆಚ್ಚಾಗಿ ಗುಂಡನ್ನ ಒತ್ತಿ ಹಿಡಿದ ಕುತ್ತಿಗೆಯ ಜಾಗದಲ್ಲಿ. ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಸೀಸನ್ನಲ್ಲಿ ಆಗುದು ಅಂತ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರಿಟ್ಟು ಬಿಟ್ರು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅಂತ ಮೂರು ಜನ ಸೇರಿ ಕಾರಣ ಹೇಳಿದ್ರು: ಕುದುರೆ ಮೂತ್ರದಿಂದ ಬರುವ ಅಮೋನಿಯಾ, ಗಾಳಿಯ ತೇವ, ಮತ್ತೆ ಕೋಶವನ್ನ ಎಳೆದು ಎಳೆದು ಉದ್ದ ಮಾಡುವಾಗ ಲೋಹದ ಒಳಗೇ ಉಳಿದ ಬಿಗಿತ, ಮೂರೂ ಸೇರಿದಾಗ ಹಿತ್ತಾಳೆ ಸೀಳ್ತದೆ. ಪರಿಹಾರ ಬಿಗಿತ ಇಳಿಸುದು, ಅಂದ್ರೆ ಹದವಾಗಿ ಕಾಯಿಸುದು. ಇವತ್ತಿಗೂ ಮಿಲಿಟರಿ ತೋಟೆಯ ಕುತ್ತಿಗೆ ಹತ್ರ ನೀಲಿ ಕಂದು ಬಣ್ಣದ ಕಾಯಿಸಿದ ಗುರುತು ಕಾಣ್ತದಲ್ಲ, ಅಂಗಡಿಯ ತೋಟೆಯಲ್ಲಿ ಅದನ್ನ ಪಾಲಿಶ್ ಮಾಡಿ ತೆಗೀತಾರೆ, ಮಿಲಿಟರಿಯವರು ಹಾಗೇ ಬಿಡ್ತಾರೆ.

ಇದು ನನಗೆ ಬರೀ ಪುಸ್ತಕದ ಬದನೆಕಾಯಿ ಅಲ್ಲ. ನಮ್ಮ ಮನೆ ಹೆಬ್ರಿ ಕಡೆ, ಘಟ್ಟದ ಬುಡ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುವ ಮಳೆ, ದನದ ಹಟ್ಟಿ ಮನೆಗೆ ತಾಗಿಕೊಂಡೇ ಉಂಟು. ಅಜ್ಜನ ಕಾಲದ ಒಂದು ತಗಡಿನ ಡಬ್ಬಿ ಅಟ್ಟದಲ್ಲಿತ್ತು, ಹಟ್ಟಿಯ ನೇರ ಮೇಲೆ. ಅದರೊಳಗೆ ಹನ್ನೆರಡು ಬೋರಿನ ಇಡೀ ಹಿತ್ತಾಳೆಯ ಖಾಲಿ ಕೋಶ ಆರು, ಮರದ ಒಂದು ಗುಟ್ಟ, ಒಣಗಿ ಕಲ್ಲಾದ ಉಣ್ಣೆಯ ಬಿಲ್ಲೆ ನಾಲ್ಕೈದು. ಆರರಲ್ಲಿ ಎರಡಕ್ಕೆ ಬಾಯಿಂದ ಕೆಳಗೆ ಉದ್ದಕ್ಕೆ ಸೀಳು, ಬ್ಲೇಡಲ್ಲಿ ಗೀರಿದ ಹಾಗೆ. ನಾನು ಚಿಕ್ಕದಿರುವಾಗ ಯಾರೋ ಕೆಳಗೆ ಹಾಕಿ ಮೆಟ್ಟಿದ್ದಾರೆ ಅಂತ್ಲೇ ಅಂದುಕೊಂಡಿದ್ದೆ, ಈಗ ಅನಿಸ್ತದೆ ನಮ್ಮ ಹಟ್ಟಿಯ ದನಗಳದ್ದೇ ಕೆಲಸ ಇರ್ಬೇಕು ಅಂತ. ಉಳಿದ ನಾಲ್ಕನ್ನ ಅಮ್ಮ ಕಾಲುದೀಪ ತಿಕ್ಕುವ ಬಿಂಬುಳಿಯಲ್ಲೇ ತಿಕ್ಕಿ ಬೆಳಗಿಸಿದ್ರು, ಚಿನ್ನದ ಹಾಗೆ ಆಯ್ತು. ಹೊಳಪಿಗೂ ಗಟ್ಟಿತನಕ್ಕೂ ಸಂಬಂಧ ಇಲ್ಲ ಅನ್ನುದು ಹಿತ್ತಾಳೆಯ ವಿಷಯದಲ್ಲಿ ಮೊದಲು ಕಲೀಬೇಕಾದದ್ದು. ಅಜ್ಜ ಅದಕ್ಕೆ ಮಸಿ ತುಂಬಿಸಿ ಹೊಡೀತಿದ್ದದ್ದು ಆ ಕಾಲಕ್ಕೆ ಆಯ್ತು, ಕಾಗದದ ತೋಟೆ ನಮ್ಮ ಮಳೆಗೆ ಉಬ್ಬಿ ನಳಿಗೆಗೇ ಹೋಗ್ತಿರ್ಲಿಲ್ಲವಂತೆ, ಹಾಗಾಗಿ ಹಿತ್ತಾಳೆ. ಈಗ ಅಂಗಡಿಯಲ್ಲಿ ಸಿಗುದು ಪ್ಲಾಸ್ಟಿಕ್ಕಿನದ್ದು, ಬುಡದಲ್ಲಿ ಮಾತ್ರ ತಗಡು.

ಅಮೆರಿಕದಲ್ಲಿ ಈ ಖಾಲಿ ಹಿತ್ತಾಳೆಗೆ ಎಷ್ಟು ಬೆಲೆ ಅಂತ ಗೊತ್ತಾಗ್ಬೇಕಾದ್ರೆ 2009ರ ಮಾರ್ಚ್ ಕಥೆ ಕೇಳ್ಬೇಕು. ಅಲ್ಲಿಯ ಡಿಫೆನ್ಸ್ ಇಲಾಖೆಯವರು ಇನ್ನು ಮುಂದೆ ಹೊಡೆದ ಕೋಶಗಳನ್ನ ಜಜ್ಜಿ ಗುಜರಿ ಮಾಡಿಯೇ ಮಾರುದು ಅಂತ ಹೊರಟ್ರು. ಮರುಭರ್ತಿ ಮಾಡಿ ಮಾರುವ ಕಂಪನಿಗಳು, ಹವ್ಯಾಸದವರು ಎಲ್ಲ ಸೇರಿ ಗಲಾಟೆ ಎಬ್ಬಿಸಿದ್ರು, ಮೊಂಟಾನಾದ ಇಬ್ಬರು ಸೆನೆಟರ್‌ಗಳು, ಮ್ಯಾಕ್ಸ್ ಬಾಕಸ್ ಮತ್ತೆ ಜಾನ್ ಟೆಸ್ಟರ್, ಮಧ್ಯೆ ಬಂದ್ರು, ಅದೇ ತಿಂಗಳು ಆದೇಶ ವಾಪಸ್. ಖಾಲಿ ತೋಟೆಗೋಸ್ಕರ ಇಬ್ಬರು ಸೆನೆಟರ್! ನಮ್ಮಲ್ಲಿ ಅಡಿಕೆ ಎಲೆಚುಕ್ಕಿ ರೋಗಕ್ಕೆ ಅಷ್ಟು ಬೇಗ ಯಾರಾದ್ರೂ ಓಡಿ ಬಂದದ್ದು ಉಂಟಾ, ಅದು ಬಿಡಿ. ಅಲ್ಲಿ ಸ್ವಂತಕ್ಕೆ ತೋಟೆ ತುಂಬಿಸ್ಲಿಕ್ಕೆ ಫೆಡರಲ್ ಲೈಸೆನ್ಸ್ ಬೇಡ, ಮಾರ್ಲಿಕ್ಕೆ ಹೊರಟ್ರೆ ಮಾತ್ರ ಬೇಕು. ಈಚೆಗೆ ಅಲ್ಲೂ ಆ ಲೆಕ್ಕ ಸ್ವಲ್ಪ ಕೆಟ್ಟಿದೆ, 2022ರಿಂದ ಉಕ್ರೇನ್ ಯುದ್ಧಕ್ಕೆ ಫಿರಂಗಿ ಮದ್ದಿಗೆ ನೈಟ್ರೋಸೆಲ್ಯುಲೋಸ್ ಬೇಕು, ಹವ್ಯಾಸದವರ ಮದ್ದಿನ ಡಬ್ಬಿಗೂ ಅದೇ ಬೇಕು, ಹಿತ್ತಾಳೆ ಬಕೆಟ್ ತುಂಬ ಇದ್ರೂ ಮದ್ದಿನ ರೇಟ್ ನೋಡಿ ತಲೆ ತಿರುಗ್ತದೆ ಅಂತಾನೆ ಅಳಿಯ.

ನಮ್ಮಲ್ಲಿ ಆರ್ಮಿಯ ಖಾಲಿ ಕೋಶ ಹೊರಗೆ ಬರುವ ದಾರಿಯೇ ಇಲ್ಲ ಅಂತ ಇಟ್ಟಿದ್ದಾರೆ. ನಮ್ಮ ಪಕ್ಕದ ಮನೆಯವರು ಆರ್ಮಿಯಲ್ಲಿದ್ದು ಬಂದವರು, ಅವರು ಅದಕ್ಕೆ ಖೋಕಾ ಅಂತಾರೆ. ಫೈರಿಂಗ್ ಪ್ರಾಕ್ಟೀಸ್ ಮುಗಿದ ಮೇಲೆ ಕೊಟ್ಟ ಗುಂಡಿನ ಲೆಕ್ಕಕ್ಕೆ ಖೋಕಾದ ಲೆಕ್ಕ ತಾಳೆ ಆಗ್ಲೇಬೇಕು, ಒಂದು ಕಡಿಮೆ ಬಂದ್ರೂ ಇಡೀ ಸೆಕ್ಷನ್ ಸಾಲಾಗಿ ನಿಂತು ಹುಲ್ಲಿನ ಬುಡ ಬುಡ ಹುಡುಕುದು, ಊಟ ಆಮೇಲೆ. "ಗುಂಡು ಹೊಡಿಲಿಕ್ಕೆ ಹತ್ತು ನಿಮಿಷ, ಖೋಕಾ ಹುಡುಕ್ಲಿಕ್ಕೆ ಎರಡು ಗಂಟೆ ಭಟ್ರೇ" ಅಂತ ಅವರು ಹೇಳುವಾಗ ಈಗ್ಲೂ ಸೊಂಟ ಹಿಡ್ಕೊಳ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ವೇಳೆ ಹೊರಗೆ ಬಂತು ಅಂತ ಇಟ್ಟುಕೊಳ್ಳಿ, ಲೈಸೆನ್ಸಿನ ಕೋವಿಗೆ ಅದು ಕೂರುದಿಲ್ಲ. ಇದು ಕಾಕತಾಳೀಯ ಅಲ್ಲ, ಬ್ರಿಟಿಷರೇ ಹಾಕಿದ ಬೇಲಿ. ಸೈನ್ಯದ ತೋಟೆ ಊರವರ ಕೋವಿಗೆ ಆಗ್ಬಾರದು, ಊರವರ ತೋಟೆ ಸೈನ್ಯದಿಂದ ಕದ್ದ ಕೋವಿಗೆ ಆಗ್ಬಾರದು. 1907ರಲ್ಲಿ .450 ಬೋರನ್ನ ಇಂಡಿಯಾ ಮತ್ತು ಸೂಡಾನಿಗೆ ತರಬಾರದು ಅಂತ ನಿಷೇಧ ಹಾಕಿದ್ದು ಇದೇ ಹೆದರಿಕೆಗೆ, ದಂಗೆಕೋರರ ಕೈಯಲ್ಲಿದ್ದ ಹಳೇ ಮಾರ್ಟಿನಿ ಹೆನ್ರಿ ಕೋವಿಗಳಿಗೆ ಅದರ ಗುಂಡು ಹೋಗ್ತದೆ ಅಂತ. ಆನೆ ಹುಲಿ ಬೇಟೆಗೆ ಬರುವ ದೊರೆಗಳಿಗೆ ಕೋವಿ ಮಾಡ್ತಿದ್ದ ಲಂಡನ್ ಕಂಪನಿಗಳು ತಲೆ ಮೇಲೆ ಕೈ ಹೊತ್ತು, ಆಮೇಲೆ .465, .470 ಅಂತ ಒಂದೊಂದು ಹೊಸ ಬೋರ್ ಹುಟ್ಟಿಸಿದ್ರು. ಸ್ವಾತಂತ್ರ್ಯ ಬಂದ ಮೇಲೂ ಬೇಲಿ ಹಾಗೇ ಉಳಿದಿದೆ. ಸೈನ್ಯ ಪೊಲೀಸರ .303, 7.62, 9 ಎಂಎಂ ಎಲ್ಲ ನಿಷೇಧಿತ ಬೋರ್. ನಮ್ಮ ಸಾಮಾನ್ಯ ಲೈಸೆನ್ಸಿಗೆ ಸಿಗುದು ಹನ್ನೆರಡು ಬೋರ್, .315 ರೈಫಲ್ ಇಂಥದ್ದು. .315 ಅಸಲಿಗೆ ಆಸ್ಟ್ರಿಯಾದ ಸೈನ್ಯದ ಹಳೇ ತೋಟೆ, ಬ್ರಿಟಿಷರ ಸೈನ್ಯದ್ದಲ್ಲವಲ್ಲ, ಹಾಗಾಗಿ ನಡೀತದೆ. ಅಮೆರಿಕದ ಸೈನ್ಯ ಎರಡು ಮಹಾಯುದ್ಧದಲ್ಲಿ ಬಳಸಿದ .30-06 ಕೂಡ ನಮ್ಮಲ್ಲಿ ಲೈಸೆನ್ಸಿಗೆ ಸಿಗುವ ಬೋರೇ. ಮಿಲಿಟರಿ ತೋಟೆ ಅನ್ನುದಲ್ಲ ಪ್ರಶ್ನೆ, ಯಾವ ಮಿಲಿಟರಿ ಅನ್ನುದು.

ಈಗ ಕಾನೂನು. 1959ರ ಆರ್ಮ್ಸ್ ಆಕ್ಟ್ ಓದಿದ್ರೆ ಶುರುವಿಗೇ ಅಮ್ಯುನಿಶನ್ ಅಂದ್ರೆ ಎಂತ ಅಂತ ಬರ್ದಿದ್ದಾರೆ, ಸೆಕ್ಷನ್ 2ರಲ್ಲಿ, ಅದರಲ್ಲಿ ತುಂಬಿದ ತೋಟೆ ಮಾತ್ರ ಅಲ್ಲ, ತೋಟೆಯ ಬಿಡಿಭಾಗ ಮತ್ತು ತೋಟೆ ಮಾಡುವ ಮೆಷಿನ್ ಕೂಡ ಸೇರ್ತದೆ. ಅಳಿಯನ ಮೇಜಿನ ಮೇಲಿನ ಪ್ರೆಸ್ ಕೂಡ ಅಂತ ಇಟ್ಕೊಳ್ಳಿ. ಸೆಕ್ಷನ್ 5ರ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವ ಹಾಗಿಲ್ಲ, ನನ್ನ ಹತ್ರ ಕೋವಿ ಲೈಸೆನ್ಸ್ ಉಂಟಲ್ಲ ಅಂದ್ರೆ ಆಗುದಿಲ್ಲ, ಅದು ಇಟ್ಟುಕೊಳ್ಳುವ ಲೈಸೆನ್ಸ್, ತಯಾರಿಸುವ ಲೈಸೆನ್ಸ್ ಬೇರೆಯೇ. ಸೆಕ್ಷನ್ 10 ಪ್ರಕಾರ ಹೊರದೇಶದಿಂದ ಲೈಸೆನ್ಸ್ ಇಲ್ಲದೆ ತರುವ ಹಾಗೂ ಇಲ್ಲ, ಹಾಗಾಗಿ ಅಳಿಯ ಚೀಲ ಹೊತ್ತುಕೊಂಡು ಬಜ್ಪೆ ಏರ್‌ಪೋರ್ಟಲ್ಲಿ ಇಳಿದಿದ್ರೆ ಅಕ್ಕ ಭಾವ ಮನೆಯಲ್ಲಿ ಪತ್ರೊಡೆ ಮಾಡಿಟ್ಟು ಕಾಯ್ತಾ ಇರ್ಬೇಕಿತ್ತು ಅಷ್ಟೇ.

ಹಾಗಾದ್ರೆ ಅಜ್ಜನ ನಾಲ್ಕು ಕೋಶ ಮನೆಯಲ್ಲಿ ಇಟ್ಟುಕೊಂಡದ್ದು ತಪ್ಪಾ? ಇಲ್ಲಿ ಸೆಕ್ಷನ್ 45 ಬರ್ತದೆ. ಈ ಕಾನೂನು ಯಾವುದಕ್ಕೆಲ್ಲ ತಾಗುದಿಲ್ಲ ಅಂತ ಹೇಳುವ ಸೆಕ್ಷನ್ ಅದು, ಅದರ ಡಿ ಅನ್ನುವ ಸಾಲಲ್ಲಿ, ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದ ಸಣ್ಣ ಬಿಡಿಭಾಗಗಳನ್ನ ಬಿಟ್ಟಿದ್ದಾರೆ. ಆ ಉಳಿದ ಭಾಗ ನನ್ನ ಹತ್ರ ಇದ್ರೂ ಅಷ್ಟೇ, ಬೇರೆಯವರ ಹತ್ರ ಇದ್ರೂ ಅಷ್ಟೇ, ನಾನು ಕೋಶ ಇಟ್ಟುಕೊಂಡು ನೀನು ಮಸಿ ಇಟ್ಟುಕೋ ಅನ್ನುವ ಉಪಾಯ ನಡೆಯುದಿಲ್ಲ. ನನಗೆ ಇಡೀ ಕಾಯಿದೆಯಲ್ಲಿ ಇಷ್ಟ ಆದ ಸಾಲು ಇದು. ಹಿತ್ತಾಳೆ ತುಂಡು ಅದೇ, ದೇವರ ಕೋಣೆಯ ಹೊರಗೆ ಅಗರಬತ್ತಿ ಸಿಗಿಸಿಟ್ರೆ ಅದು ಅಗರಬತ್ತಿ ಸ್ಟ್ಯಾಂಡು, ಪಕ್ಕದಲ್ಲಿ ಕೇಪಿನ ಡಬ್ಬಿ ಮಸಿ ಡಬ್ಬಿ ಇದ್ರೆ ಅದು ಮದ್ದುಗುಂಡು. ಕಾನೂನು ನೋಡುದು ವಸ್ತುವನ್ನಲ್ಲ, ಅದರ ನೆರೆಕರೆಯನ್ನ. ಹಳೇ ಬ್ಯಾಗಿನ ಮೂಲೆಯಲ್ಲಿ ತೋಟೆ ಉಳಿದು ಏರ್‌ಪೋರ್ಟ್ ಸ್ಕ್ಯಾನರಲ್ಲಿ ಸಿಕ್ಕಿಬೀಳುವ ಕೇಸುಗಳಲ್ಲೂ ಕೋರ್ಟು ಕೇಳುದು ಇದೇ ಜಾತಿಯ ಪ್ರಶ್ನೆ, ಗೊತ್ತಿದ್ದೂ ಇಟ್ಟುಕೊಂಡದ್ದಾ ಅಂತ. 1972ರಲ್ಲಿ ಗುಣವಂತಲಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ, ಕೈಯಲ್ಲಿ ಇತ್ತು ಅಂದ್ರೆ ಸಾಕಾಗುದಿಲ್ಲ, ಮನಸ್ಸಲ್ಲೂ ಇರ್ಬೇಕು. ಆದ್ರೆ ಕೋರ್ಟಲ್ಲಿ ಅದನ್ನ ಸಾಬೀತು ಮಾಡುವ ತನಕ ಫ್ಲೈಟ್ ನಿಲ್ಲುದಿಲ್ಲ ಅಲ್ವಾ.

ಶಿಕ್ಷೆ ಬಗ್ಗೆ ಒಂದೇ ಮಾತು. 2019ರ ತಿದ್ದುಪಡಿಗೆ ಮೊದಲು ಲೈಸೆನ್ಸ್ ಇಲ್ಲದೆ ತಯಾರಿಸಿದ್ರೆ ಮೂರರಿಂದ ಏಳು ವರ್ಷ ಇತ್ತು, ಈಗ ಶುರುವಾಗುದೇ ಏಳು ವರ್ಷದಿಂದ, ಮೇಲಕ್ಕೆ ಜೀವಾವಧಿ ವರೆಗೆ. ಒಂದು ತೋಟೆಯಲ್ಲಿ ಉಳಿಯುವ ದುಡ್ಡಿಗೆ ಏಳು ವರ್ಷ ಅಂದ್ರೆ ಯಾವ ಲೆಕ್ಕಕ್ಕೂ ಕೂರುದಿಲ್ಲ.

ಆದ್ರೆ ಇದರಲ್ಲಿ ಒಂದು ವಿಚಿತ್ರ ಉಂಟು. ನಮ್ಮ ಕಡೆ ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸುಗಳಲ್ಲಿ ತೋಟೆ ಕೋವಿ ಮಾತ್ರ ಅಲ್ಲ, ಕೇಪಿನ ಕೋವಿಯೂ ಉಂಟು, ನಳಿಗೆಯ ಬಾಯಿಂದ ಮಸಿ ಹಾಕಿ, ಗಜದಲ್ಲಿ ಜಡಿದು, ಚರೆ (ಸಣ್ಣ ಸಣ್ಣ ಗುಂಡು) ಹಾಕಿ, ಹಿಂದೆ ಕೇಪು ಇಡುದು. ಅದರ ಲೈಸೆನ್ಸ್ ಇದ್ದವನಿಗೆ ಮಸಿಯೂ ಕೇಪೂ ಲೈಸೆನ್ಸಿನ ಲೆಕ್ಕದಲ್ಲೇ ಸಿಗ್ತದೆ, ಪ್ರತಿ ಈಡಿಗೂ ಅವ ಕೈಯಾರೆ ಅಳೆದು ಹಾಕ್ಲೇಬೇಕು, ಬೇರೆ ದಾರಿಯೇ ಇಲ್ಲ. ಪಕ್ಕದ ತೋಟದವ ತೋಟೆ ಕೋವಿ ಇಟ್ಟುಕೊಂಡು ಅದೇ ಮಸಿ ಅದೇ ಚರೆಯನ್ನ ಹಿತ್ತಾಳೆ ಕೋಶಕ್ಕೆ ತುಂಬಿಸಿದ್ರೆ ಅದು ತಯಾರಿಕೆ. ತರ್ಕ ಇಲ್ಲ ಅಂತ ಅಲ್ಲ, ನಳಿಗೆಗೆ ಹಾಕಿದ ಮಸಿ ಅಲ್ಲೇ ಮುಗೀತದೆ, ಕೋಶಕ್ಕೆ ತುಂಬಿಸಿದ್ದನ್ನ ಜೇಬಲ್ಲಿ ಹಾಕಿ ಇನ್ನೊಬ್ಬನಿಗೆ ಕೊಡ್ಬಹುದು, ಸರ್ಕಾರಕ್ಕೆ ಹೆದರಿಕೆ ಇರುದು ಆ ಜೇಬಿನ ಬಗ್ಗೆ. ಆದ್ರೂ ಕೇಳುವಾಗ ವಿಚಿತ್ರವೇ.

ಅಪಾಯದ ಮಾತು ಬಂದ್ರೆ ನಾನು ಸರ್ಕಾರದ ಕಡೆಗೇ ವಾಲ್ತೇನೆ, ಬೈಬೇಡಿ. ತುಳುವಲ್ಲಿ ಕೋವಿಗೂ ಬೆಡಿ ಅಂತಾರೆ, ಜಾತ್ರೆಯ ಪಟಾಕಿಗೂ ಬೆಡಿ ಅಂತಾರೆ, ಪುತ್ತೂರು ಬೆಡಿ ಅಂದ್ರೆ ಗೊತ್ತಲ್ಲ. ಮಾತು ಒಂದೇ ಆದ್ರೂ ಮದ್ದು ಒಂದೇ ಅಲ್ಲ. ಕಪ್ಪು ಮಸಿ ಬೇರೆ, ರೈಫಲ್ ತೋಟೆಯ ಹೊಗೆ ಬಾರದ ಮದ್ದು ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹೋದ್ರೆ ಕೋವಿಯೇ ಬಾಂಬ್. ಅಮೆರಿಕದಲ್ಲಿ ಕಂಪನಿಗಳೇ ಬರೆದ ಕೋಷ್ಟಕದ ಪುಸ್ತಕ, ಡಿಜಿಟಲ್ ತಕ್ಕಡಿ, ಡಬ್ಬಿ ಮೇಲೆ ಸರಿಯಾದ ಹೆಸರು ಎಲ್ಲ ಇದ್ದೂ ಕೋವಿ ಒಡೆದ ಫೋಟೋ ಬರ್ತಾ ಇರ್ತದೆ. ನಮ್ಮಲ್ಲಿ ಮದ್ದು ಎಲ್ಲಿಂದ ಬರುದು, ಅದರ ಜಾತಿ ಯಾವುದು ಅಂತ ಹೇಳುವವರು ಯಾರು? 2024ರ ಜನವರಿ ಕೊನೆಗೆ ಬೆಳ್ತಂಗಡಿ ತಾಲೂಕು ವೇಣೂರು ಹತ್ರ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವ ಜಾಗದಲ್ಲಿ ಸ್ಫೋಟ ಆಗಿ ಮೂರು ಜನ ಸತ್ತದ್ದು ನಾವು ಮರೆಯುವ ಹಾಗಿಲ್ಲ. ಅವರು ಅದೇ ಕೆಲಸ ಮಾಡ್ತಿದ್ದವರು.

ಮತ್ತೆ ಅಸಲು ಪ್ರಶ್ನೆ, ನಮ್ಮ ಕೃಷಿಕನಿಗೆ ನಿಜಕ್ಕೂ ತೋಟೆ ಕೊರತೆಯಾ? ರೇಂಜಲ್ಲಿ ಶನಿವಾರ ಶನಿವಾರ ಇನ್ನೂರು ಗುಂಡು ಹೊಡೆಯುವ ಅಳಿಯನಿಗೆ ಮರುಭರ್ತಿ ಲಾಭ. ನಾನು ವರ್ಷಕ್ಕೆ ಹೊಡೆಯುದು ಹತ್ತು ಹದಿನೈದು ತೋಟೆ, ಅದೂ ಆಕಾಶಕ್ಕೆ, ಮಂಗ ಹೆದರ್ಲಿ ಅಂತ. ಈಗ ಮಂಗಗಳಿಗೂ ಗೊತ್ತಾಗಿದೆ, ಶಬ್ದ ಆದ್ರೆ ಪಕ್ಕದ ತೆಂಗಿಗೆ ಹಾರಿ ಕೂತು ನನ್ನನ್ನೇ ನೋಡ್ತವೆ. ಹೊಡೆದು ಕೊಲ್ಲುವ ಹಾಗಿಲ್ಲ, ವನ್ಯಜೀವಿ ಕಾಯಿದೆಯಲ್ಲಿ ಅದಕ್ಕೆ ಬೇರೆಯೇ ಅನುಮತಿ ಬೇಕು, ಹಂದಿಯ ಕಥೆಯೂ ಅದೇ. ಅಂದ್ರೆ ನನ್ನ ಕೋವಿ ಲೈಸೆನ್ಸ್ ಇರುವ ಒಂದು ಗರ್ನಾಲು ಪಟಾಕಿ. ಗರ್ನಾಲಿಗೆ ಕೋಶ ಮರುಭರ್ತಿ ಮಾಡಿ ಎಷ್ಟು ಉಳಿಸ್ಲಿಕ್ಕುಂಟು?

ನಮ್ಮ ಕೊರತೆ ಇರುದು ದಿನಗಳಲ್ಲಿ. ಚುನಾವಣೆ ಘೋಷಣೆ ಆದ ಕೂಡ್ಲೇ ಕೋವಿ ಸ್ಟೇಷನ್ನಿಗೆ ಡೆಪಾಸಿಟ್. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡೂ ಬೇಸಿಗೆಗೇ ಬಂತು, ಕಾಡಲ್ಲಿ ನೀರು ಆಹಾರ ಕಡಿಮೆ ಆಗಿ ಪ್ರಾಣಿಗಳು ತೋಟಕ್ಕೆ ಇಳಿಯುದೂ ಅದೇ ಹೊತ್ತಿಗೆ. ಚುನಾವಣಾ ಆಯೋಗದ ಸೂಚನೆ ಓದಿದ್ರೆ ಎಲ್ಲರದ್ದೂ ತಗೊಳ್ಳಿ ಅಂತ ಇಲ್ಲ, ಸ್ಕ್ರೀನಿಂಗ್ ಕಮಿಟಿ ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನ ಮಾಡ್ಬೇಕು ಅಂತ ಉಂಟು. ಒಬ್ಬೊಬ್ಬರದ್ದು ನೋಡ್ಲಿಕ್ಕೆ ಯಾರಿಗೆ ಪುರುಸೊತ್ತು, ಎಲ್ಲರದ್ದೂ ತರಿಸುದು ಸುಲಭ. ಘಟ್ಟ ಹತ್ತಿ ಆಚೆ ಹೋದ್ರೆ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸೇ ಬೇಡ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, 2019ರಲ್ಲಿ ಕೇಂದ್ರ ಅದನ್ನ 2029ರ ತನಕ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಸರಿ ಅಂದಿದೆ. ಅವರಿಗೆ ಸಿಗ್ಬಾರದು ಅಂತ ನಾನು ಹೇಳುದಿಲ್ಲ, ಅವರ ಚರಿತ್ರೆ ಬೇರೆ. ಆದ್ರೆ ನಮ್ಮ ಸುಳ್ಯ ಬೆಳ್ತಂಗಡಿ ಹೆಬ್ರಿಯ ಕೃಷಿಕನಿಗೆ ಎರಡು ತಿಂಗಳ ಡೆಪಾಸಿಟ್ ವಿನಾಯಿತಿ ಕೊಡ್ಲಿಕ್ಕೆ ಇಷ್ಟು ಕಷ್ಟ ಯಾಕೆ ಅಂತ ಅನಿಸುದಂತೂ ಹೌದು. ಮರುಭರ್ತಿ ಬಗ್ಗೆ ಕೂಗಾಡುವ ಶಕ್ತಿ ಯಾರಿಗಾದ್ರೂ ಇದ್ರೆ ಅದನ್ನ ಇಲ್ಲಿ ಖರ್ಚು ಮಾಡಿ.

ಕಳೆದ ಸಲ ಡೆಪಾಸಿಟ್‌ಗೆ ಹೋದಾಗ ನನ್ನ ಚೀಲದಲ್ಲಿ ಕೋವಿ, ಹನ್ನೊಂದು ತೋಟೆ, ಮತ್ತೆ ಯಾಕಿರ್ಲಿ ಅಂತ ಆ ವರ್ಷ ಹೊಡೆದ ಒಂಬತ್ತು ಖಾಲಿ ತೋಟೆಯೂ ಇತ್ತು. ಉತ್ತರ ಪ್ರದೇಶದಲ್ಲಿ ಖಾಲಿ ತಂದು ತೋರಿಸಿದ್ರೆ ಮಾತ್ರ ಹೊಸದು ಕೊಡುದು ಅಂತ ನಿಯಮ ಬಂದಿತ್ತು ಅಂತ ಓದಿದ್ದೆ, ಹಾಗಾಗಿ ಸುಮ್ನೆ ಲೆಕ್ಕ ಇರ್ಲಿ ಅಂತ. ಮೇಜಿನ ಮೇಲೆ ಎಲ್ಲ ಸುರಿದೆ. ಪೊಲೀಸಿನವರು ಕೋವಿಯ ನಂಬರ್ ಬರ್ಕೊಂಡ್ರು, ಜೀವ ಇರುವ ತೋಟೆ ಎರಡು ಸಲ ಎಣಿಸಿ ಹನ್ನೊಂದು ಅಂತ ಬರ್ದ್ರು, ಖಾಲಿಯನ್ನ ಒಂದು ಕೈಯಲ್ಲಿ ಬದಿಗೆ ಸರಿಸಿ, "ಇದಕ್ಕೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ, ನೀವೇ ಇಟ್ಕೊಳ್ಳಿ" ಅಂದ್ರು. ಒಂಬತ್ತನ್ನೂ ವಾಪಸ್ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ, ಕೋವಿ ಇಲ್ಲದ ಚೀಲ, ಒಳಗೆ ಪ್ಲಾಸ್ಟಿಕ್ ಕೋಶಗಳು ಟಕ ಟಕ ಅಂತ ಹೆಬ್ರಿ ತನಕ.